ಮೂವತ್ತೆರಡು ಮನೆಯ ಟಿವಿಯಲ್ಲಿ ಅವಳು

ಟಿವಿ ರಿಪೇರಿ ಮಾಡುವವನಿಗೆ ಟಿವಿ ನೋಡುವ ಚಟ ಇರುವುದಿಲ್ಲ. ನನಗೂ ಇರಲಿಲ್ಲ. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ, ಗಾದಿ ಹೊಲಿಯುವವರ ಅಂಗಡಿಗೂ ಒಂದು ಹಿಟ್ಟಿನ ಗಿರಣಿಗೂ ನಡುವೆ ನನ್ನ ಅಂಗಡಿ. ಅಲ್ಲಿ ಕೂತು ಹತ್ತಿರ ಹತ್ತಿರ ಮೂವತ್ತು ವರ್ಷ ಪೆಟ್ಟಿಗೆ ಟಿವಿಗಳ ಬೆನ್ನು ಬಿಚ್ಚಿದ್ದೇನೆ. ಟಿವಿಗೆ ಏನಾಗಿದೆ ಎಂದು ಅದರ ಸದ್ದು ಕೇಳಿಯೇ ಹೇಳುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಗಿರಾಕಿಗಳು ಅದನ್ನು ಸಹಿಸಿಕೊಂಡದ್ದು ನನ್ನ ಕೈಗುಣ ನೋಡಿ.

ಆಮೇಲೆ ಚಪ್ಪಟೆ ಟಿವಿಗಳು ಬಂದವು, ಅವುಗಳ ಬೆನ್ನಿಗೇ ಸ್ಮಾರ್ಟ್ ಟಿವಿಗಳು. ಅವುಗಳಲ್ಲಿ ಬಿಚ್ಚುವಂಥದ್ದು ಏನೂ ಇರಲಿಲ್ಲ. ಪರದೆ ಹೋದರೆ ಟಿವಿಯೇ ಹೋದಂತೆ. ಬೆಸುಗೆ ಹಾಕುತ್ತಿದ್ದ ಕೈ ಗೋಡೆಗೆ ಮೊಳೆ ಹೊಡೆಯುವುದಕ್ಕೆ ಇಳಿಯಿತು, ಅಲ್ಲಿಂದ ರಿಮೋಟಿನ ಗುಂಡಿ ಒತ್ತುವುದಕ್ಕೆ ಇಳಿಯಿತು. ಜನ ಮಾತ್ರ ಮೊದಲಿನಂತೆಯೇ ಫೋನು ಮಾಡಿ ಟಿವಿ ಕೆಟ್ಟಿದೆ ಎನ್ನುತ್ತಿದ್ದರು. ಹೋಗಿ ನೋಡಿದರೆ ಟಿವಿ ಕಲ್ಲುಗುಂಡಿನಂತೆ ಗಟ್ಟಿ. ಒಳಗೆ ಜಾಗ ತುಂಬಿ ಹೋಗಿರುತ್ತಿತ್ತು. ಸಿನಿಮಾದ್ದು, ಕ್ರಿಕೆಟ್ಟಿನದು, ಭಜನೆಯದು, ಅಡುಗೆಯದು, ಮಕ್ಕಳ ಆಟದ್ದು ಎಂದು ಸಿಕ್ಕಸಿಕ್ಕ ಆ್ಯಪ್ ಹಾಕಿಕೊಂಡು ಕೂತಿರುತ್ತಿದ್ದರು. ಬೇಡವಾದದ್ದನ್ನು ತೆಗೆಯೋಣ ಎಂದರೆ ಯಾವುದೂ ಬೇಡವಾಗಿರುತ್ತಿರಲಿಲ್ಲ. ನಿಜವಾಗಿ ಯಾರಿಗೂ ಬೇಡವಾದವು ಕಂಪನಿಯವರೇ ತುಂಬಿ ಕಳಿಸಿದ ಆ್ಯಪ್‌ಗಳು, ಅವನ್ನು ತೆಗೆಯಲು ಬರುವುದಿಲ್ಲ. ನಾನು ನಿಂತಲ್ಲೇ ಬೈಯುತ್ತಿದ್ದೆ, ಮನೆಯವರು ಚಹಾ ತರುತ್ತಿದ್ದರು, ಒಂದೆರಡು ಆ್ಯಪ್ ಅಳಿಸಿ ಬರುತ್ತಿದ್ದೆ.

ಇದರಲ್ಲಿ ದೊಡ್ಡ ತಲೆನೋವು ಅಕೌಂಟಿನದು. ಹೊಸ ಟಿವಿ ಗೋಡೆಗೆ ಏರಿಸಿ ಚಾಲೂ ಮಾಡಿದ ಕೂಡಲೇ ಅದು ಇ-ಮೇಲ್ ಕೇಳುತ್ತದೆ. ಅದು ಇಲ್ಲದೆ ಒಂದು ಆ್ಯಪ್ ಕೂಡ ಒಳಗೆ ಬರುವುದಿಲ್ಲ. ನಮ್ಮ ಓಣಿಯಲ್ಲಿ ಯಾರ ಇ-ಮೇಲ್ ಯಾರಿಗೆ ನೆನಪಿರುತ್ತದೆ? ಮೊಬೈಲ್ ಅಂಗಡಿಯವನು ಎಂದೋ ಮಾಡಿಕೊಟ್ಟದ್ದು, ಪಾಸ್‌ವರ್ಡ್ ಅವನಿಗೂ ಮರೆತಿರುತ್ತದೆ. ಹೊಸದು ಮಾಡೋಣ ಎಂದು ಒಂದು ಮನೆಯಲ್ಲಿ ಇಡೀ ಮುಂಜಾನೆ ಕಳೆದಿದ್ದೇನೆ. ನಾಲ್ಕು ಬಾಣದ ಗುಂಡಿಯಿಂದ ಒಂದೊಂದೇ ಅಕ್ಷರ ಹುಡುಕಬೇಕು. ‘ಎಂ’ ಇಂದ ‘ಎ’ ತನಕ ಹೋಗಲು ಏಳು ಸಲ ಒತ್ತಬೇಕು. ಕಡೆಗೆ ಕೋಡ್ ಬರುವುದು ಮನೆಯ ಯಜಮಾನನ ಫೋನಿಗೆ, ಯಜಮಾನ ಇರುವುದು ಗದಗದಲ್ಲಿ.

ಅದಕ್ಕೆ ನಾನೊಂದು ದಾರಿ ಕಂಡುಕೊಂಡೆ. ಎಲ್ಲರ ಟಿವಿಗೂ ನನ್ನದೇ ಅಕೌಂಟ್ ಹಾಕಿಬಿಟ್ಟೆ. ನನ್ನ ಇ-ಮೇಲ್, ನನ್ನ ಪಾಸ್‌ವರ್ಡ್. ಪಾಸ್‌ವರ್ಡ್ ಅಂದರೆ ನನ್ನ ಹೆಂಡತಿಯ ಹೆಸರು, ಅದರ ಮುಂದೆ ನಮ್ಮ ಮದುವೆಯಾದ ವರ್ಷ. ಮೊದಮೊದಲು ಐದಾರು ಮನೆ, ಆಮೇಲೆ ಏರುತ್ತ ಏರುತ್ತ ಮೂವತ್ತೆರಡಾಯಿತು. ಹಳೇ ಹುಬ್ಬಳ್ಳಿಯ ಓಣಿಗಳು, ನವನಗರದಲ್ಲಿ ಏಳೆಂಟು ಮನೆ, ಊರಾಚೆ ಸುಳ್ಳ ಎಂಬ ಹಳ್ಳಿಯಲ್ಲಿ ಎರಡು. ಬಹಳ ಜಾಣತನ ಮಾಡಿದೆ ಎಂದುಕೊಂಡಿದ್ದೆ. ಹತ್ತು ನಿಮಿಷದಲ್ಲಿ ಟಿವಿ ಚಾಲೂ ಆಗುತ್ತಿತ್ತು, ಮನೆಯವರು ಬಾಯ್ತುಂಬ ಹೊಗಳುತ್ತಿದ್ದರು. ಹೊರಡುವಾಗ ಎಲ್ಲರಿಗೂ ಒಂದೇ ಮಾತು ಹೇಳಿ ಬರುತ್ತಿದ್ದೆ.

“ಅದು ಏನರ ಕೇಳಲಿ, ಓಕೆ ಒತ್ರಿ. ವಿಚಾರ ಮಾಡಾಕ ಹೋಗಬ್ಯಾಡ್ರಿ.”

ಯಾಕೆಂದರೆ ವಿಚಾರ ಮಾಡಿದವರ ಮನೆಯಿಂದಲೇ ಮತ್ತೆ ಫೋನು ಬರುತ್ತಿತ್ತು. ಓಕೆ ಒತ್ತಿದವರು ಸುಖವಾಗಿದ್ದರು.

ಮೂವತ್ತೆರಡು ಮನೆಯವರು ನೋಡಿದ್ದೆಲ್ಲ ನನ್ನ ಹೆಸರಿಗೆ ಜಮಾ ಆಗುತ್ತಿತ್ತು. ನನ್ನ ಫೋನು ತೆರೆದರೆ ಖವ್ವಾಲಿ, ಕುಸ್ತಿ, ಗರ್ಭಿಣಿಯರ ವ್ಯಾಯಾಮ, ಬೆಲ್ಲದ ಚಹಾ ಮಾಡುವ ಬಗೆ, ಆಂಗ್ಲ ವರ್ಣಮಾಲೆ. ಹೆಂಡತಿ ಇಣುಕಿ ನೋಡಿ, ನಿಮಗೆ ಎಷ್ಟನೇ ತಿಂಗಳು ಎಂದು ಕೇಳಿ ನಗುತ್ತಿದ್ದಳು. ಅವಳಿಗೆ ಆಗ ಇನ್ನೂ ಆರೋಗ್ಯವಿತ್ತು.

ನಮಗೆ ಮಕ್ಕಳಿಲ್ಲ. ಅವಳು ಮಿಷನ್ ಸಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದಳು, ಭಾನುವಾರ ಚರ್ಚಿನಲ್ಲಿ ಎಡಗಡೆ ಮೂರನೇ ಬೆಂಚಿನಲ್ಲಿ ತಲೆತುಂಬ ಸೆರಗು ಹೊದ್ದು ಕೂರುತ್ತಿದ್ದಳು. ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ಗ್ರೂಪ್ ಫೋಟೋದಲ್ಲೂ ಯಾರದಾದರೂ ಹೆಗಲಿನ ಹಿಂದೆ ಸರಿಯುತ್ತಿದ್ದಳು. ಮದುವೆಯ ಆಲ್ಬಮ್ ಬಿಟ್ಟರೆ ಇಪ್ಪತ್ತೈದು ವರ್ಷದಲ್ಲಿ ಅವಳ ಫೋಟೋ ತೆಗೆಯಬೇಕು ಎಂದು ನನಗೂ ಅನ್ನಿಸಿರಲಿಲ್ಲ. ದಿನಾ ಕಣ್ಣೆದುರು ಇರುವವಳ ಫೋಟೋ ಯಾಕೆ ಬೇಕು?

ಅವಳ ಮೈಯಲ್ಲಿ ಗಂಟು ಇದೆ ಎಂದು ಗೊತ್ತಾದ ದಿನ ಆಸ್ಪತ್ರೆಯಿಂದ ಬಂದು ಬಾಗಿಲಲ್ಲಿ ಕೂತಳು. ನಾನು ಫೋನು ತೆಗೆದು ಒಂದು ಫೋಟೋ ತೆಗೆದೆ. ಹೆದರಿ ತೆಗೆದೆ, ಇದರಲ್ಲಿ ಪ್ರೀತಿಗೀತಿ ಎಂದು ದೊಡ್ಡ ಮಾತು ಆಡಲಾರೆ. ಆಮೇಲೆ ಅದೇ ರೂಢಿಯಾಯಿತು. ಪ್ರತಿ ಸಲ ಆಸ್ಪತ್ರೆಗೆ ಹೋಗಿ ಬಂದಾಗ ಒಂದು. ಬೆಳ್ಳುಳ್ಳಿ ಸುಲಿಯುವಾಗ, ಅಕ್ಕಿ ಆರಿಸುವಾಗ, ಕೌದಿ ಮಡಚುವಾಗ ಒಂದೊಂದು. ಕೂದಲು ಉದುರಿತು, ಆಗಲೂ ತೆಗೆದೆ. ತಲೆಗೆ ಬಟ್ಟೆ ಕಟ್ಟಿಕೊಳ್ಳುವ ಮೊದಲೇ ತೆಗೆದೆ. ಆ ದಿನ ಅವಳು ನನ್ನ ಕೈ ಹಿಡಿದಳು.

“ಹಿಂಗಿದ್ದಾಗ ತಗೀಬ್ಯಾಡ್ರಿ. ನಾಳೆ ಯಾರರ ನೋಡ್ಯಾರು.”

“ಯಾರಿಗೂ ತೋರ್ಸೂದಿಲ್ಲ,” ಎಂದೆ. “ನನಗೊಬ್ಬಂಗ.”

“ಖರೇ?”

“ಖರೇನ.”

ಆಮೇಲೆ ಅವಳು ತಡೆಯಲಿಲ್ಲ. ಹೀಗೆ ಒಟ್ಟು ನೂರರ ಹತ್ತಿರ ಫೋಟೋ ಆದವು. ಅವುಗಳ ನಡುವೆ ಹದಿನಾಲ್ಕು ಸೆಕೆಂಡಿನ ಒಂದು ವಿಡಿಯೋ ಇತ್ತು, ಅದು ಫೋಟೋ ತೆಗೆಯಲು ಹೋಗಿ ತಪ್ಪಿ ಆದದ್ದು. ಅದರಲ್ಲಿ ಅವಳು, ‘ಅದನ್ನ ಬಂದ್ ಮಾಡ್ರಿ, ಹಾಲು ಉಕ್ಕಾಕತ್ತೈತಿ’ ಎಂದು ಬೈಯುತ್ತಿದ್ದಳು. ಅವಳ ಧ್ವನಿ ಎಂದು ನನ್ನಲ್ಲಿ ಇದ್ದದ್ದು ಅಷ್ಟೇ.

ಅವಳು ಹೋದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲು ಎರಡು ಸಲ ಕೂತು ಎರಡು ಸಲ ಎದ್ದಿದ್ದೇನೆ.

ಅವಳು ಹೋಗಿ ಒಂದೂವರೆ ವರ್ಷವಾದ ಮೇಲೆ ಒಂದು ಮಧ್ಯಾಹ್ನ ನವನಗರದಿಂದ ಫೋನು ಬಂತು. ಆ ಮನೆಯ ಟಿವಿ ನಾನೇ ಹಾಕಿಕೊಟ್ಟದ್ದು. ಮಾತಾಡಿದವರು ಮನೆಯಾಕೆ, ಬಹಳ ಸೌಮ್ಯ ಹೆಣ್ಣುಮಗಳು. ಹೇಳಲೋ ಬೇಡವೋ ಎಂದು ಸ್ವಲ್ಪ ತಡವರಿಸಿ ಹೇಳಿದರು.

“ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಮನಿಯವ್ರು ನಮ್ಮ ಟಿವಿಯಾಗ ಬರಾಕತ್ತಾರ್ರಿ.”

ನನಗೆ ಮೊದಲು ಸಿಟ್ಟೇ ಬಂತು. ಸತ್ತವರ ವಿಷಯದಲ್ಲಿ ಇದೆಂಥ ಚೇಷ್ಟೆ ಎಂದು ಬೈಯಲು ಬಾಯಿ ತೆರೆದವನು ಆ ಹೆಣ್ಣುಮಗಳ ಸ್ವಭಾವ ನೆನೆದು ಸುಮ್ಮನಾದೆ. ಸ್ಕೂಟರ್ ಹತ್ತಿ ಹೋದೆ. ಟಿವಿ ಚಾಲೂ ಇತ್ತು, ಯಾರೂ ಏನೂ ನೋಡುತ್ತಿರಲಿಲ್ಲ. ಟಿವಿ ಸುಮ್ಮನೆ ಕೂತಾಗ ಪರದೆಯ ಮೇಲೆ ಜಲಪಾತ, ಹೂವು, ಬೆಟ್ಟದ ಚಿತ್ರ ಬದಲಾಗುತ್ತಿದ್ದವಲ್ಲ, ಅವು ಹೋಗಿ ನನ್ನ ಫೋನಿನ ಫೋಟೋಗಳು ಬರುತ್ತಿದ್ದವು. ಒಂದು ಸುಟ್ಟ ಬೋರ್ಡು, ಗಿರಾಕಿಯ ಬಿಲ್ಲು, ನನ್ನ ಅಂಗಡಿಯ ಮುಂದೆ ನಾನು. ಆಮೇಲೆ ಅವಳು, ಬೆಳ್ಳುಳ್ಳಿ ಸುಲಿಯುತ್ತ. ಆಮೇಲೆ ಅವಳು, ಆಸ್ಪತ್ರೆಯ ಬಿಳಿ ಚಾದರದ ಮೇಲೆ, ಬರಿ ತಲೆಯಲ್ಲಿ. ಐವತ್ತೈದು ಇಂಚಿನ ಟಿವಿ. ನನ್ನ ಫೋನಿನಲ್ಲಿ ನಾನೇ ಅಷ್ಟು ದೊಡ್ಡದಾಗಿ ಅವಳನ್ನು ನೋಡಿರಲಿಲ್ಲ. ಮನೆಯಾಕೆ ಅಡುಗೆ ಮನೆಗೆ ಹೋದರು, ಪಾಪ, ನನಗೆ ಮುಜುಗರವಾಗಬಾರದು ಎಂದು.

ಏನಾಗಿತ್ತು ಎಂದು ವಿಚಾರಿಸಿದಾಗ ಗೊತ್ತಾಯಿತು. ನಾನು ಫೋನಿನಲ್ಲಿ ತೆಗೆದ ಫೋಟೋಗಳೆಲ್ಲ ತಾವಾಗಿಯೇ ಆ ಅಕೌಂಟಿಗೂ ಹೋಗುತ್ತಿದ್ದವು. ಟಿವಿಗೆ ಹೊಸ ಅಪ್‌ಡೇಟ್ ಬಂದಿತ್ತು. ಬಂದದ್ದೇ ನಿಮ್ಮ ಅಕೌಂಟಿನ ಫೋಟೋ ಪರದೆಯ ಮೇಲೆ ತೋರಿಸಲೇ ಎಂದು ಕೇಳಿತ್ತು. ನಾನು ಹೇಳಿಕೊಟ್ಟಂತೆ ಅವರು ಓಕೆ ಒತ್ತಿದ್ದರು. ಅವರೊಬ್ಬರೇ ಅಲ್ಲ. ಎಲ್ಲರೂ ಒತ್ತಿದ್ದರು. ಎಲ್ಲರೂ ನನ್ನ ಮಾತು ಕೇಳುವ ಗಿರಾಕಿಗಳು.

ಆ ವಾರ ಒಂದೊಂದೇ ಫೋನು ಬರಲು ಶುರುವಾಯಿತು. ಕೆಲವರು ಮೆತ್ತಗೆ ಹೇಳಿದರು. ಕೆಲವರು ಟಿವಿಗೆ ಏನೋ ಗಾಳಿ ಬಡಿದಿದೆ ಎಂದು ಪ್ಲಗ್ಗನ್ನೇ ಕಿತ್ತಿದ್ದರು. ಬಹಳ ಮಂದಿ ತಿಂಗಳಿನಿಂದ ನೋಡುತ್ತಲೇ ಇದ್ದು, ಕೇಳುವುದು ಹೇಗೆ ಎಂದು ಸುಮ್ಮನಿದ್ದರು. ಕಡೆಯದು ಸುಳ್ಳದಿಂದ. ಅವರ ಮನೆಗೆ ಕನ್ಯಾ ನೋಡಲು ಬೀಗರಾಗುವವರು ಬಂದು, ಅವಲಕ್ಕಿ ತಿನ್ನುತ್ತ ಕೂತಿದ್ದಾಗ ಎದುರಿನ ಟಿವಿಯಲ್ಲಿ ಅವಳು ಬಂದಿದ್ದಾಳೆ. ಬರಿ ತಲೆ, ಮೂಗಿಗೆ ನಳಿಗೆ. ಬಂದವರಲ್ಲಿ ಒಬ್ಬ ಹಿರಿಯ ಹೆಣ್ಣುಮಗಳು ಇದು ಯಾರು, ನಿಮ್ಮ ಮನೆತನದಲ್ಲಿ ಈ ರೋಗ ಇದೆಯೇ ಎಂದು ಕೇಳಿದಳಂತೆ. ಮನೆಯ ಹಿರಿಯರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೂ ತಿರುಗಿ ಬೈಯಲು ದಾರಿ ಇರುತ್ತಿತ್ತು.

“ಅವ್ವಾರ ಆತ್ಮಕ್ಕ ಶಾಂತಿ ಸಿಗಲಿ,” ಎಂದರು. “ಅವ್ರನ್ನ ಹಿಂಗ ಊರ ಮುಂದ ಕುಂಡ್ರಸಬ್ಯಾಡ್ರಿ.”

ಫೋನು ಇಟ್ಟು ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ನನಗೊಬ್ಬನಿಗೆ ಎಂದಿದ್ದೆ. ಮೂವತ್ತೆರಡು ಮನೆ. ಮನೆಗೆ ನಾಲ್ಕು ಜನ ಎಂದರೂ, ಬಂದವರು ಹೋದವರು ಎಂದರೂ. ಗ್ರೂಪ್ ಫೋಟೋದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದವಳು. ಅವಳು ಬದುಕಿದ್ದರೆ ಕ್ಷಮೆ ಕೇಳಬಹುದಿತ್ತು, ಬೈಸಿಕೊಳ್ಳಬಹುದಿತ್ತು. ಕೊಟ್ಟ ಒಂದೇ ಮಾತು ಉಳಿಸಿಕೊಳ್ಳಲಿಲ್ಲವಲ್ಲ ಎಂದು ನನಗೆ ನನ್ನ ಮೇಲೇ ಹೇಸಿಗೆ ಬಂತು.

ಮೂವತ್ತೆರಡು ಮನೆಗೆ ಹೋಗಿ ಟಿವಿ ಸರಿಪಡಿಸುವುದು ವಾರದ ಕೆಲಸ. ಅಷ್ಟು ದಿನ ಅವಳನ್ನು ಅಲ್ಲಿ ಬಿಡಲು ನನ್ನಿಂದ ಆಗುತ್ತಿರಲಿಲ್ಲ. ಮೆಕ್ಯಾನಿಕ್ ಬುದ್ಧಿ ಏನು ಹೇಳುತ್ತದೆ? ದೋಷ ಹತ್ತು ಕಡೆ ಕಂಡರೂ ಮೂಲ ಒಂದೇ ಇರುತ್ತದೆ, ಅಲ್ಲಿ ಕತ್ತರಿಸು ಎನ್ನುತ್ತದೆ. ಮೂಲ ಅಕೌಂಟಿನಲ್ಲಿತ್ತು. ಫೋನು ತೆಗೆದು ಅಕೌಂಟಿನ ಫೋಟೋಗಳನ್ನು ತೆರೆದೆ. ಅವಳ ಮೊದಲ ಫೋಟೋದ ಮೇಲೆ ಬೆರಳಿಟ್ಟು ಕಡೆಯದರ ತನಕ ಎಳೆದೆ. ಎಲ್ಲದರ ಮೇಲೂ ನೀಲಿ ಗುರುತು ಬಿತ್ತು. ಅಳಿಸು ಎಂದು ಒತ್ತಿದೆ. ಅದು ಇಂಗ್ಲಿಷಿನಲ್ಲಿ ಮೂರು ಸಾಲು ಬರೆದು ಏನೋ ಕೇಳಿತು. ನಾನು ಓದಲಿಲ್ಲ. ಓಕೆ ಒತ್ತಿದೆ.

ಮರುದಿನವೂ ಒಂದು ಮನೆಯಿಂದ ಇನ್ನೂ ಬರುತ್ತಿದೆ ಎಂದು ಫೋನು ಬಂತು. ನನಗೆ ತಡೆಯಲಾಗಲಿಲ್ಲ. ಹುಡುಕಿದಾಗ ಅಳಿಸಿದ್ದೆಲ್ಲ ಒಂದು ಕಸದ ಬುಟ್ಟಿಯಲ್ಲಿ ಹೋಗಿ ಕೂತಿತ್ತು, ಎರಡು ತಿಂಗಳು ಅಲ್ಲೇ ಇರುತ್ತದಂತೆ. ಅಲ್ಲಿಂದಲೇ ಸೋರುತ್ತಿದೆ ಎಂದು ತೀರ್ಮಾನ ಮಾಡಿದೆ. ಬುಟ್ಟಿಯನ್ನೂ ಖಾಲಿ ಮಾಡಿದೆ. ಅದೂ ಏನೋ ಕೇಳಿತು. ಅದಕ್ಕೂ ಓಕೆ.

ಅಂದು ಸಂಜೆ ಯಾರ ಫೋನೂ ಬರಲಿಲ್ಲ. ನವನಗರದವರಿಗೆ ನಾನೇ ಫೋನು ಮಾಡಿ ಕೇಳಿದೆ. ಈಗ ಜಲಪಾತ ಬರುತ್ತಿದೆ ಎಂದರು. ಮನೆಗೆ ಬಂದು ಮುಖ ತೊಳೆದುಕೊಂಡು ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡೆ. ಗಂಡನಾದವನು ಮಾಡಬೇಕಾದ ಒಂದು ಕೆಲಸ ತಡವಾಗಿಯಾದರೂ ಮಾಡಿದೆ ಎಂಬ ಸಮಾಧಾನವಿತ್ತು.

ಫೋಟೋಗಳು ಫೋನಿನಲ್ಲಿ ಇವೆ ಎಂದು ನಾನು ತಿಳಿದಿದ್ದೆ. ನನ್ನ ಕಾಲದಲ್ಲಿ ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ತುಂಬಿದರೆ ಅವು ಎರಡು ಕ್ಯಾಸೆಟ್ಟು. ಒಂದು ಸುಟ್ಟರೂ ಇನ್ನೊಂದು ಹಾಡುತ್ತದೆ. ಅಕೌಂಟಿನದು ಒಂದು ಪ್ರತಿ, ಫೋನಿನದು ನನ್ನ ಪ್ರತಿ ಎಂದುಕೊಂಡಿದ್ದೆ. ತೆರೆದು ನೋಡಲಿಲ್ಲವೇ ಎಂದು ಕೇಳುವವರಿಗೆ ಉತ್ತರ ಕೊಡಬೇಕು. ನೋಡುತ್ತಿರಲಿಲ್ಲ. ಅವಳು ಹೋದ ಮೇಲೆ ಆ ಫೋಟೋಗಳನ್ನು ನಾನು ನೋಡಿದ್ದು ಮೂರೋ ನಾಲ್ಕೋ ಸಲ. ನೋಡಿದ ದಿನ ಕೆಲಸ ಆಗುತ್ತಿರಲಿಲ್ಲ. ಜೇಬಿನಲ್ಲಿ ಇವೆ ಎಂಬ ಧೈರ್ಯವೇ ಸಾಕಾಗಿತ್ತು.

ಎರಡನೇ ವರ್ಷದ ಸ್ಮರಣೆಯ ಪ್ರಾರ್ಥನೆ ಹತ್ತಿರ ಬಂತು. ಮನೆಯಲ್ಲಿ ಹತ್ತು ಜನ ಕೂಡಿ ಕೀರ್ತನೆ ಹಾಡಿ, ವಾಕ್ಯ ಓದಿ, ಚಹಾ ಕುಡಿದು ಹೋಗುವುದು ನಮ್ಮಲ್ಲಿಯ ಪದ್ಧತಿ. ನಮ್ಮ ಚರ್ಚಿನ ಸಭಾಪಾಲಕರು ಒಂದು ಸಣ್ಣ ಕಾರ್ಡು ಮಾಡಿಸೋಣ, ಅವಳದೊಂದು ಒಳ್ಳೆ ಫೋಟೋ ಕೊಡಿ ಎಂದು ಅಂಗಡಿಗೇ ಬಂದು ಕೇಳಿದರು. ಬೆಳ್ಳುಳ್ಳಿ ಸುಲಿಯುವುದನ್ನು ಕೊಡೋಣ, ಅದರಲ್ಲಿ ಸೆರಗು ಇದೆ, ಸ್ವಲ್ಪ ನಗುವೂ ಇದೆ ಎಂದುಕೊಂಡು ಅವರ ಮುಂದೆಯೇ ಫೋನು ತೆಗೆದೆ. ಸುಟ್ಟ ಬೋರ್ಡು ಇತ್ತು. ಬಿಲ್ಲು ಇತ್ತು. ಅಂಗಡಿಯ ಮುಂದೆ ನಾನಿದ್ದೆ. ಮೇಲೆ ಎಳೆದೆ, ಕೆಳಗೆ ಎಳೆದೆ. ಅವಳು ಎಲ್ಲೂ ಇರಲಿಲ್ಲ. ಸಭಾಪಾಲಕರು ಬೆಂಚಿನ ಮೇಲೆ ಕಾಯುತ್ತಿದ್ದರು. ನಾಳೆ ಕೊಡುತ್ತೇನೆ ಎಂದು ಹೇಳಿ ಕಳಿಸಿದೆ.

ಆಮೇಲಿನ ಮೂರು ದಿನ ನಾನು ಮನುಷ್ಯನಾಗಿರಲಿಲ್ಲ. ಮೊಬೈಲ್ ರಿಪೇರಿಯವರ ಹತ್ತಿರ ಹೋದೆ. ಅಕೌಂಟಿನಲ್ಲಿ ಅಳಿಸಿದರೆ ಫೋನಿನದೂ ಅಳಿಯುತ್ತದೆ, ಎರಡೂ ಒಂದೇ ಪ್ರತಿ ಎಂದರು. ಅಳಿಸಿದ್ದನ್ನು ತೆಗೆದುಕೊಡುತ್ತೇವೆ ಎಂದು ಬೋರ್ಡು ಹಾಕಿದ ಅಂಗಡಿಗೆ ಹೋದೆ. ಅವನು ಫೋನು ಎರಡು ದಿನ ಇಟ್ಟುಕೊಂಡು ತೆಗೆದುಕೊಟ್ಟದ್ದು ಯಾರೋ ಕಳಿಸಿದ ಶುಭೋದಯದ ಗುಲಾಬಿ ಹೂವುಗಳನ್ನು. ಇನ್ನೂರು ಗುಲಾಬಿ. ಅದನ್ನು ನೋಡಿ ಅವನ ಮುಂದೆಯೇ ಅತ್ತೆ. ಕಂಪನಿಯ ಸಹಾಯವಾಣಿಯ ಹುಡುಗಿ ಬುಟ್ಟಿ ಖಾಲಿ ಮಾಡಿದ ಮೇಲೆ ಏನೂ ಮಾಡಲು ಬರುವುದಿಲ್ಲ ಎಂದು ನಾಲ್ಕು ಸಲ ಮರ್ಯಾದೆಯಿಂದ ಹೇಳಿದಳು. ನಾನು ನಾಲ್ಕು ಸಲ ಕೇಳಿದ್ದೆ.

ಅವಳ ತಂಗಿಯ ಹತ್ತಿರ ಇರುವುದು ಗುಂಡಿಯ ಫೋನು. ಒಬ್ಬ ಸಂಬಂಧಿಕನ ಮದುವೆಯ ಗ್ರೂಪ್ ಫೋಟೋ ಒಂದು ಸಿಕ್ಕಿತು, ಅದರಲ್ಲಿ ಅವಳ ಒಂದು ಕಣ್ಣು ಮತ್ತು ಸೆರಗಿನ ಅಂಚು ಇದೆ. ಆಧಾರ್ ಕಾರ್ಡಿನದು ಇದೆ, ಅದು ಯಾರದ್ದಾದರೂ ಆಗಿರಬಹುದು. ಮದುವೆಯ ಆಲ್ಬಮ್ ಇದೆ. ಅದರಲ್ಲಿರುವ ಹುಡುಗಿಯ ಜೊತೆ ನಾನು ಬದುಕಿದ್ದು ನಾಲ್ಕೈದು ವರ್ಷ ಮಾತ್ರ, ಆಮೇಲೆ ಆ ಹುಡುಗಿ ಹೋಗಿ ನನ್ನ ಹೆಂಡತಿ ಬಂದಳು. ಕಾರ್ಡಿನಲ್ಲಿ ಹುಡುಗಿಯ ಫೋಟೋವನ್ನೇ ಹಾಕಿಸಿದೆವು. ಪ್ರಾರ್ಥನೆಗೆ ಬಂದವರು ಎಷ್ಟು ಚೆಂದ ಇದ್ದರು ಎಂದರು.

ನವನಗರದ ಇನ್ನೊಬ್ಬ ಗಿರಾಕಿ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ತಿಳಿದವರು. ಅವರ ಮನೆಗೆ ಆ್ಯಪ್ ಸರಿಪಡಿಸಲು ಹೋದಾಗ ನಡೆದದ್ದನ್ನು ಹೇಳಿಕೊಂಡೆ. ಅವರು ಕನ್ನಡಕ ತೆಗೆದು ಒರೆಸುತ್ತ, ಅಷ್ಟಕ್ಕೆ ಫೋಟೋ ಅಳಿಸಬೇಕಾಗಿರಲಿಲ್ಲ ಎಂದರು. ಪಾಸ್‌ವರ್ಡ್ ಬದಲಿಸಿದ್ದರೆ ಎಲ್ಲ ಟಿವಿಗಳೂ ತಾವಾಗಿಯೇ ಕಳಚಿಕೊಳ್ಳುತ್ತಿದ್ದವಂತೆ. ಎರಡು ನಿಮಿಷದ ಕೆಲಸ. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ಆ ಮನೆಗೆ ನಾನು ಮತ್ತೆ ಹೋಗಿಲ್ಲ.

ಎರಡು ನಿಮಿಷ. ಅವಳ ಹೆಸರನ್ನು ಅಳಿಸಿ ಬೇರೆ ಏನಾದರೂ ಬರೆದಿದ್ದರೆ ಅವಳು ಉಳಿಯುತ್ತಿದ್ದಳು. ನಾನು ಅವಳನ್ನು ಅಳಿಸಿ ಹೆಸರು ಉಳಿಸಿಕೊಂಡೆ. ಈ ಲೆಕ್ಕವನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ ದೇವರಿಗೇ ಗೊತ್ತು. ದೇವರ ಜೊತೆ ಮಾತು ಬಿಟ್ಟು ಕೆಲವು ತಿಂಗಳಾಯಿತು, ಅದು ಬೇರೆ ಮಾತು.

ಕಡೆಗೆ ಒಂದು ಹುಚ್ಚು ಆಸೆ ಹತ್ತಿತು. ಯಾವುದಾದರೂ ಟಿವಿಯಲ್ಲಿ, ನೆಟ್ ಬಂದಾದ ಯಾವುದಾದರೂ ಮನೆಯಲ್ಲಿ, ಒಂದು ಫೋಟೋವಾದರೂ ಸಿಕ್ಕಿಕೊಂಡು ಉಳಿದಿರಬಹುದು ಎಂದು. ಯಾವ ಮನೆಗಳಿಂದ ಅವಳನ್ನು ಹೊರಗೆ ತರಲು ಒದ್ದಾಡಿದೆನೋ ಅದೇ ಮನೆಗಳಿಗೆ ಅವಳನ್ನು ಹುಡುಕಿಕೊಂಡು ಹೋದೆ. ಟಿವಿ ಚೆಕ್ ಮಾಡಲು ಬಂದೆ ಎಂದು ಸುಳ್ಳು ಹೇಳಿ ಸೆಟ್ಟಿಂಗ್ಸ್ ತೆರೆಯುತ್ತಿದ್ದೆ, ಆ್ಯಪ್‌ಗಳನ್ನು ಒಂದೊಂದಾಗಿ ನೋಡುತ್ತಿದ್ದೆ, ಟಿವಿಯನ್ನು ಸುಮ್ಮನೆ ಬಿಟ್ಟು ಪರದೆ ನೋಡುತ್ತ ಕೂರುತ್ತಿದ್ದೆ. ಜಲಪಾತ. ಹೂವು. ಬೆಟ್ಟ. ಮನೆಯವರಿಗೆ ಗೊತ್ತಾಗುತ್ತಿತ್ತು ಎಂದು ಕಾಣುತ್ತದೆ. ಯಾರೂ ಲಗೂ ಮುಗಿಸಿ ಎನ್ನಲಿಲ್ಲ.

ಹೀಗೆ ಇಪ್ಪತ್ತಾರು ಮನೆ ಮುಗಿದ ಮೇಲೆ ಹಿಂದಿನ ಓಣಿಯ ಒಬ್ಬ ಹೊಲಿಗೆಯವಳ ಮನೆಗೆ ಹೋದೆ. ಮುಸಲ್ಮಾನರ ಹೆಣ್ಣುಮಗಳು, ನಲವತ್ತರ ಆಸುಪಾಸು, ಮನೆಯಲ್ಲೇ ಕೂತು ಸೀರೆಗೆ ಜಂಪರು ಹೊಲಿಯುತ್ತಾಳೆ. ಹೊಲಿಗೆ ಮಿಷನ್ನಿನ ನೇರ ಎದುರಿಗೆ ಟಿವಿ. ಕೆಲಸದ ನಡುವೆ ಧಾರಾವಾಹಿ ಮುಗಿದರೆ ಎದ್ದು ಬೇರೆ ಹಾಕಲು ಅವಳಿಗೆ ಪುರುಸೊತ್ತು ಇರುವುದಿಲ್ಲ, ಟಿವಿ ತನ್ನಷ್ಟಕ್ಕೆ ಚಿತ್ರ ತೋರಿಸುತ್ತ ಇರುತ್ತದೆ. ಅವಳು ನನ್ನ ಹೆಂಡತಿಯನ್ನು ಒಮ್ಮೆಯೂ ಭೇಟಿಯಾದವಳಲ್ಲ.

ಅವಳ ಟಿವಿಯಲ್ಲೂ ಏನೂ ಇರಲಿಲ್ಲ. ನಾನು ರಿಮೋಟ್ ಕೆಳಗಿಟ್ಟೆ. ಯಾಕೋ ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಹುಡುಕುತ್ತಿರುವುದು ಏನು ಎಂದು ಹೇಳಿದೆ. ಅವಳು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ನೀವು ಎಲ್ಲ ಅಳಿಸಿದಿರಾ ಎಂದು ಕೇಳಿದಳು. ಹೌದೆಂದೆ. ಆಮೇಲೆ, ದಿನಾ ಮಧ್ಯಾಹ್ನ ಬರುತ್ತಿದ್ದರು, ನನಗೆ ಮನೆಯಲ್ಲಿ ಯಾರೋ ಇದ್ದಂತೆ ಆಗುತ್ತಿತ್ತು ಎಂದು ಒಂದೊಂದೇ ಫೋಟೋ ಹೇಳತೊಡಗಿದಳು. ಬಾಗಿಲಲ್ಲಿ ಕೂತದ್ದರಲ್ಲಿ ಹಸಿರು ಇಳಕಲ್ ಸೀರೆ. ಅಕ್ಕಿ ಆರಿಸುವುದರಲ್ಲಿ ಹಳದಿ ಜಂಪರು, ಗುಂಡು ಕೊರಳು, ಬೆನ್ನಿಗೆ ಹುಕ್ಕು. ನಾನು ತಲೆಯಾಡಿಸುತ್ತ ಹೋದೆ. ಹಸಿರು ಸೀರೆ ನನಗೆ ನೆನಪಿತ್ತು. ಹಳದಿ ನೆನಪಿರಲಿಲ್ಲ.

ನನ್ನ ಹೆಂಡತಿಯ ಸೀರೆ ಜಂಪರುಗಳನ್ನು ಚರ್ಚಿನ ಹೆಣ್ಣುಮಕ್ಕಳು ಹಂಚಲು ಒಯ್ದು ಎರಡು ವರ್ಷವಾಗಿತ್ತು. ಮನೆಗೆ ಹೋಗಿ ಪೆಟ್ಟಿಗೆ ತೆರೆದು ನೋಡುವಂತೆಯೂ ಇರಲಿಲ್ಲ.

“ಕಡೀ ನಾಕೈದು ಫೋಟೋದಾಗ ಕಾಕು ಜಂಪರಿನ ತೋಳು ತಾವಽ ಕೈಲೆ ಹೊಲಕೊಂಡಿದ್ರು, ಕಾಕಾ,” ಎಂದಳು. “ಮಿಷನ್ ಹೊಲಿಗಿ ಅಲ್ಲ ಅದು. ಪ್ರತಿ ಸಲ ಬೆರಳಷ್ಟು ಒಳಗ ಹಿಡೀತಾ ಹೋಗ್ಯಾರ. ತಾವು ಸೊರಗಿದ್ದು ನಿಮಗ ಕಾಣಬಾರ್ದು ಅಂತ ಇರಬೇಕು. ನೋಡಿದ್ರಲ್ಲಾ ನೀವು?”

“ಹೌದವಾ, ನೋಡೇನಿ,” ಎಂದೆ.

ಆ ಫೋಟೋಗಳನ್ನೆಲ್ಲ ತೆಗೆದವನು ನಾನು. ತೋಳು ನಾನು ನೋಡಿರಲಿಲ್ಲ.